ಅಳಿಸುವುದಕ್ಕೆ ಮುನ್ನ

ದಾವಣಗೆರೆಗೂ ಹರಿಹರಕ್ಕೂ ನಡುವೆ ಇರುವುದು ಸುಮಾರು ೧೪ ಕಿಲೋಮೀಟರಿನ ಹಾದಿ. ಆದರೂ ಕಳೆದ ಶನಿವಾರ ರಾತ್ರಿ ಹರಿಹರದಿಂದ ನಮ್ಮ ದೊಡ್ಡಪ್ಪನವರು ದೂರವಾಣಿಯಲ್ಲಿ ಆಡಿದ ಮಾತನ್ನು ಕೇಳಿ, ಬೆಳಗಾಗುವುದನ್ನೇ ಕಾದು ಕುಳಿತೆ.

"ನಿಮ್ಮ ದೊಡ್ಡಮ್ಮನ ಇ-ರೀಡರ್ ವೈಫೈಗೆ ಒಗ್ಗುತ್ತಿಲ್ಲ. ಎಲ್ಲವನ್ನೂ ಅಳಿಸಿ ಹೊಸದಾಗಿ ಆರಂಭಿಸಬೇಕೆಂದು ಮೊಮ್ಮಗ ಹೇಳುತ್ತಾನೆ. ಅವಳು ಗೆರೆ ಎಳೆದಿಟ್ಟ ಸಾಲುಗಳು ಏನಾಗುವುವಪ್ಪಾ?"

ದೊಡ್ಡಮ್ಮ ತೀರಿಕೊಂಡು ವರ್ಷ ತುಂಬುತ್ತ ಬಂದಿದೆ. ದೃಷ್ಟಿ ಮಂದವಾದ ಮೇಲೆ, ಅಕ್ಷರಗಳನ್ನು ಬೇಕಾದಷ್ಟು ದೊಡ್ಡದು ಮಾಡಿಕೊಂಡು ಓದಬಹುದೆಂದು ಆಕೆ ಆ ಯಂತ್ರವನ್ನು ಬಹಳ ಹಚ್ಚಿಕೊಂಡಿದ್ದರು. ಮೆಚ್ಚಿದ ಸಾಲಿಗೆ ಗೆರೆ. ಒಮ್ಮೊಮ್ಮೆ ಪಕ್ಕದಲ್ಲಿ ಎರಡು ಮಾತಿನ ಟಿಪ್ಪಣಿ. ಒಂಬತ್ತು ತಿಂಗಳು ಬೀರುವಿನಲ್ಲಿ ಮಲಗಿದ್ದ ಅದನ್ನು ದೊಡ್ಡಪ್ಪ ಈಗ ಹೊರತೆಗೆದಿದ್ದರು.

"ಏನನ್ನೂ ಅಳಿಸಬೇಡಿ, ನಾಳೆ ಬೆಳಿಗ್ಗೆ ಬರುತ್ತೇನೆ" ಎಂದೆ.

ಇಂತಹ ಸಂದರ್ಭದಲ್ಲಿ ಒಳ್ಳೆಯ ವೈದ್ಯರ ನಡೆಯನ್ನು ಅನುಸರಿಸುವುದು ಲೇಸು. ಮೊದಲು ರೋಗ ಎಲ್ಲಿದೆಯೆಂದು ತಿಳಿಯಬೇಕು. ಔಷಧ ಆಮೇಲಿನ ಮಾತು. ಭಾನುವಾರ ಹೋದೊಡನೆ ಮಾಡಿದ ಮೊದಲ ಕೆಲಸವೆಂದರೆ ಯಂತ್ರವನ್ನು ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿ, ಒಳಗಿದ್ದುದಕ್ಕೆಲ್ಲ ಒಂದು ಪ್ರತಿ ತೆಗೆದಿಟ್ಟಿದ್ದು. ಕಿಂಡಲ್ ಉಳ್ಳವರಿಗೆ ಇನ್ನೂ ಸುಲಭ: ಗೆರೆ ಎಳೆದ ಸಾಲುಗಳೂ ಟಿಪ್ಪಣಿಗಳೂ ಅದರಲ್ಲಿ 'ಮೈ ಕ್ಲಿಪಿಂಗ್ಸ್' ಎಂಬ ಒಂದೇ ಕಡತದಲ್ಲಿ ಸೇರಿರುತ್ತವೆ.

ಆ ಬಳಿಕ ಪರೀಕ್ಷೆ. ಅದೇ ಕೋಣೆಯಲ್ಲಿ, ಅದೇ ವೈಫೈಗೆ ಮೊಬೈಲನ್ನು ಸೇರಿಸಿ ನೋಡಿದೆ, ತಡೆಯಿಲ್ಲದೆ ನಡೆಯಿತು. ಅಲ್ಲಿಗೆ ಮನೆಯ ಸಂಪರ್ಕದಲ್ಲಿ ದೋಷವಿಲ್ಲವೆಂದಾಯಿತು. ಇ-ರೀಡರಿನ ಏರೋಪ್ಲೇನ್ ಮೋಡ್ ಆರಿಯೇ ಇತ್ತು. ಅದನ್ನು ಪೂರ್ಣವಾಗಿ ನಿಲ್ಲಿಸಿ ಮತ್ತೆ ಚಾಲೂ ಮಾಡಿದೆ. ಗುಪ್ತಪದವನ್ನು ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದ ತಪ್ಪದಂತೆ ಹೊಸದಾಗಿ ಬರೆದೆ.

ಮುಂದಿನದು ಅಲೆಗಳ ವಿಚಾರ. ಈಗಿನ ರೌಟರುಗಳು ಸಾಮಾನ್ಯವಾಗಿ ೨.೪ ಮತ್ತು ೫ ಗಿಗಾಹರ್ಟ್ಸ್ ಎಂಬ ಎರಡು ಬಗೆಯ ಅಲೆಗಳನ್ನು ಬೀರುತ್ತವೆ. ವೈಫೈ ಹೆಸರಿನ ಕೊನೆಗೆ ಬರುವ '೫ ಜಿ' ಎಂಬುದು ಈ ಎರಡನೆಯದರ ಗುರುತು. ಮೊಬೈಲಿನ ೫ ಜಿಗೂ ಇದಕ್ಕೂ ಸಂಬಂಧವಿಲ್ಲ. ಹಳೆಯ ಇ-ರೀಡರುಗಳಲ್ಲಿ ಬಹುತೇಕ ಎಲ್ಲವೂ ೨.೪ನ್ನು ಮಾತ್ರ ಬಲ್ಲವು. ತುಂಗಭದ್ರೆಯ ದಡದ ಆ ಹಳೆಯ ಮನೆಯ ದಪ್ಪ ಗೋಡೆಗಳನ್ನು ದಾಟುವುದಕ್ಕೂ ಅದೇ ಮೇಲು. ಅಮೆರಿಕದ ಪದ್ಧತಿಗೆ ತಕ್ಕಂತೆ ತಯಾರಾದ ಕೆಲವು ಯಂತ್ರಗಳಿಗೆ ೧೨, ೧೩ನೆಯ ಚಾನೆಲ್ಲುಗಳು ಕಾಣುವುದೇ ಇಲ್ಲ. ಅಂಥವಕ್ಕಾಗಿ ರೌಟರನ್ನು ೧ರಿಂದ ೧೧ರೊಳಗಿನ ಚಾನೆಲ್ಲಿಗೆ ಇಡಬೇಕು. ತಂತ್ರಾಂಶ ತೀರ ಹಳೆಯದಾಗಿದ್ದರೂ ಸಂಪರ್ಕ ಕಡಿಯಬಹುದು. ೨೦೧೨ರವರೆಗಿನ ಕಿಂಡಲುಗಳಿಗೆ ೨೦೧೬ರ ಮಾರ್ಚ್ ೨೨ರೊಳಗೆ ಹೊಸ ತಂತ್ರಾಂಶ ಹಾಕಿಕೊಳ್ಳಬೇಕೆಂದು ಅಮೆಜಾನ್ ತಿಳಿಸಿತ್ತು. ಗಡುವು ಮೀರಿದವರು ಕಂಪ್ಯೂಟರಿನ ಮೂಲಕ ಹಾಕಿಕೊಳ್ಳಬೇಕಾಯಿತು.

ಇವೆಲ್ಲವನ್ನೂ ನೋಡಿದ್ದಾಯಿತು. ವೈಫೈಗೆ ಸೇರಿದ ಗುರುತು ಬಂದಿತು. ಪುಸ್ತಕದ ಅಂಗಡಿ ಮಾತ್ರ ಬಾಗಿಲು ತೆರೆಯಲೊಲ್ಲದು.

"ನಾನು ಹೇಳಲಿಲ್ಲವೇ ಚಿಕ್ಕಪ್ಪಾ, ರೀಸೆಟ್ ಮಾಡಿಬಿಡಿ" ಎಂದ ಮೊಮ್ಮಗ.

ದೊಡ್ಡಪ್ಪ ಮಾತಾಡಲಿಲ್ಲ. ಕೈ ಮಾತ್ರ ಯಂತ್ರದತ್ತ ಚಾಚಿತು.

ಆಗ ಕಣ್ಣಿಗೆ ಬಿದ್ದದ್ದು ದಿನಾಂಕ. ಬ್ಯಾಟರಿ ಪೂರ್ತಿ ಬರಿದಾಗಿ ತಿಂಗಳುಗಟ್ಟಲೆ ಬಿದ್ದಿದ್ದರಿಂದ ಅದರ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಸರಿದಿತ್ತು. ಇದರಿಂದೇನು ಕೇಡು ಎನ್ನುವಿರಾ? ಸುರಕ್ಷಿತ ಸಂಪರ್ಕಕ್ಕೆ ಮೊದಲು ಆಚೆಯ ಕಂಪ್ಯೂಟರು ತನ್ನ ಗುರುತಿನ ಪ್ರಮಾಣಪತ್ರವನ್ನು ತೋರಿಸುತ್ತದೆ. ಇಂಥ ದಿನದಿಂದ ಇಂಥ ದಿನದವರೆಗೆ ಅದು ಊರ್ಜಿತವೆಂದು ಅದರಲ್ಲಿ ನಮೂದಾಗಿರುತ್ತದೆ. ಹಳೆಯ ಕಾಲದಲ್ಲೇ ನಿಂತ ಯಂತ್ರಕ್ಕೆ ಆ ಪತ್ರದ ದಿನ ಇನ್ನೂ ಬಂದೇ ಇಲ್ಲ. ಆದಕಾರಣ ಅದು ಯಾರನ್ನೂ ನಂಬುವುದಿಲ್ಲ.

ದಿನಾಂಕವನ್ನು ತಿದ್ದಿದೆ. ಒಂದು ನಿಮಿಷದಲ್ಲಿ ಅಂಗಡಿ ತೆರೆಯಿತು.

ಎಲ್ಲ ಮನೆಗಳಲ್ಲೂ ದೋಷ ಇದೇ ಆಗಿರಬೇಕೆಂದಿಲ್ಲ. ಕೊನೆಗೆ ಅಳಿಸುವುದೊಂದೇ ದಾರಿಯಾಗುವ ಸಂದರ್ಭಗಳೂ ಉಂಟು. ಆದರೆ ಅದು ಕೊನೆಯ ದಾರಿಯಾಗಲಿ. ಪ್ರತಿ ತೆಗೆದಿಟ್ಟುಕೊಂಡ ಮೇಲಿನ ದಾರಿಯಾಗಲಿ. ಯಂತ್ರಕ್ಕೆ ಬದಲಿ ಯಂತ್ರ ದೊರೆತೀತು. ಅದರೊಳಗೆ ಒಬ್ಬರು ಎಳೆದಿಟ್ಟ ಗೆರೆಗೆ ಬದಲಿ ಎಲ್ಲಿಂದ ತರೋಣ?

ಹೊಸ ಪುಸ್ತಕ ಯಾವುದು ಬೇಕೆಂದು ಕೇಳಿದೆ. ದೊಡ್ಡಪ್ಪನಿಗೆ ಅದರ ಅವಸರವಿರಲಿಲ್ಲ. ದೊಡ್ಡಮ್ಮ ಅರ್ಧಕ್ಕೆ ನಿಲ್ಲಿಸಿದ್ದ ಕಾದಂಬರಿಯನ್ನು ತೆರೆಯಹೇಳಿದರು. ಗೆರೆ ಎಳೆದ ಸಾಲೊಂದರ ಪಕ್ಕದಲ್ಲಿ ಆಕೆಯ ಟಿಪ್ಪಣಿ ಇತ್ತು: "ಇದನ್ನು ಇವರಿಗೆ ಓದಿ ಹೇಳಬೇಕು."

ದೊಡ್ಡಪ್ಪ ಕನ್ನಡಕವನ್ನು ಒರೆಸಿಕೊಂಡರು.

"ಅಕ್ಷರ ಇನ್ನೊಂದಿಷ್ಟು ದೊಡ್ಡದು ಮಾಡಪ್ಪಾ. ನಾನೇ ಓದಿಕೊಳ್ಳುತ್ತೇನೆ" ಎಂದರು.