ಮಾತ್ರೆ ನಡುವೆ ನಿಂತರೆ ಯಾರ ತಪ್ಪು?

ಕ್ಷಯರೋಗದ (ಟಿಬಿ) ಚಿಕಿತ್ಸೆ ಸಾಮಾನ್ಯವಾಗಿ 6 ತಿಂಗಳು. ಮೊದಲ 2 ತಿಂಗಳು ನಾಲ್ಕು ಔಷಧ, ಉಳಿದ 4 ತಿಂಗಳು ಮೂರು. ಸರ್ಕಾರಿ ಆಸ್ಪತ್ರೆಗಳಲ್ಲಿ ಇದೆಲ್ಲ ಉಚಿತ. ಆದರೂ ನಡುವೆಯೇ ಮಾತ್ರೆ ಬಿಡುವವರಿದ್ದಾರೆ. ಅವರನ್ನು ಬೇಜವಾಬ್ದಾರಿಗಳೆಂದು ಬೈದರೆ ರೋಗವೂ ವಾಸಿಯಾಗದು, ಕಾರಣವೂ ತಿಳಿಯದು.

ಔಷಧ ಚೆನ್ನಾಗಿ ಕೆಲಸ ಮಾಡುವುದೇ ಮಾತ್ರೆ ಬಿಡಲು ಒಂದು ಮುಖ್ಯ ಕಾರಣ. ಕೆಲವೇ ವಾರಗಳಲ್ಲಿ ಜ್ವರ ಇಳಿಯುತ್ತದೆ, ಕೆಮ್ಮು ತಗ್ಗುತ್ತದೆ, ಊಟ ರುಚಿಸುತ್ತದೆ. ಹುಷಾರಾದ ಮೇಲೆ ಹಿಡಿ ಮಾತ್ರೆ ಏಕೆಂದು ರೋಗಿಗೆ ಅನ್ನಿಸುವುದು ಸಹಜ. ಆದರೆ ನಿಧಾನವಾಗಿ ಬೆಳೆಯುವ ರೋಗಾಣುಗಳು ದೇಹದಲ್ಲಿ ಇನ್ನೂ ಉಳಿದಿರುತ್ತವೆ. ಅವುಗಳನ್ನು ಪೂರ್ತಿ ಕೊಲ್ಲಲೆಂದೇ ಇಷ್ಟು ದೀರ್ಘ ಚಿಕಿತ್ಸೆ. ಅರ್ಧಕ್ಕೆ ನಿಲ್ಲಿಸಿದರೆ ರೋಗ ಮರುಕಳಿಸಬಹುದು, ಔಷಧಕ್ಕೆ ಬಗ್ಗದ ಟಿಬಿಯಾಗಿಯೂ ತಿರುಗಬಹುದು.

ಭಯವೂ ಮಾತ್ರೆ ಬಿಡಿಸುತ್ತದೆ. ಈ ಔಷಧಗಳಲ್ಲೊಂದಾದ ರಿಫಾಂಪಿಸಿನ್ ನುಂಗಿದರೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಇದರಿಂದ ಅಪಾಯವಿಲ್ಲ ಎಂದು ಮೊದಲ ದಿನವೇ ಹೇಳದಿದ್ದರೆ, ರಕ್ತ ಹೋಗುತ್ತಿದೆಯೆಂದು ರೋಗಿ ಹೆದರುತ್ತಾನೆ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಈ ವ್ಯತ್ಯಾಸ ತಿಳಿಸಲು ಐದು ನಿಮಿಷ ಸಾಕು. ಜನ ತುಂಬಿದ ಹೊರರೋಗಿ ವಿಭಾಗದಲ್ಲಿ ಸಿಗದಿರುವುದು ಆ ಐದು ನಿಮಿಷವೇ.

ಇದರ ಜೊತೆಗೆ ಕೂಲಿ ತಪ್ಪುತ್ತದೆ, ಕುಡಿತದ ಚಟವಿರುತ್ತದೆ, ಅಕ್ಕಪಕ್ಕದವರಿಗೆ ಗೊತ್ತಾದೀತೆಂಬ ಅಳುಕಿರುತ್ತದೆ.

ರೋಗಿಗಳಿಗೆ ಕಾಳಜಿಯಿಲ್ಲ ಎಂಬ ಮಾತು ಹಳೆಯದು. 1963ರಲ್ಲಿ ಪ್ರಕಟವಾದ ತುಮಕೂರು ಜಿಲ್ಲೆಯ ಅಧ್ಯಯನ ಅದನ್ನು ಸುಳ್ಳಾಗಿಸಿತು. ಕಫದಲ್ಲಿ ರೋಗಾಣು ಕಂಡವರಲ್ಲಿ ಅರ್ಧದಷ್ಟು ಮಂದಿ ಅದಾಗಲೇ ಆಸ್ಪತ್ರೆಯ ಬಾಗಿಲಿಗೆ ಹೋಗಿದ್ದರು. ಅಲ್ಲಿ ಸಿಕ್ಕಿದ್ದು ಕೆಮ್ಮಿನ ಔಷಧ.

ನೆರವಾಗಬೇಕೆಂದರೆ ಮೊದಲು ಕೇಳುವ ರೀತಿ ಬದಲಾಗಬೇಕು. "ಮಾತ್ರೆ ಸರಿಯಾಗಿ ತಗೋತಿದ್ದೀರಾ?" ಎಂದರೆ ಎಲ್ಲರೂ "ಹೂಂ" ಎನ್ನುತ್ತಾರೆ. "ಹೋದ ವಾರ ಎಷ್ಟು ದಿನ ತಪ್ಪಿತು, ಏನು ತೊಂದರೆ ಆಯ್ತು?" ಎಂದರೆ ನಿಜ ಹೊರಬರುತ್ತದೆ. ಊಟಕ್ಕೆ ಆಸರೆಯಾಗಲೆಂದು 2018ರಲ್ಲಿ ಶುರುವಾದ ನಿಕ್ಷಯ್ ಪೋಷಣ್ ಯೋಜನೆಯಡಿ ತಿಂಗಳಿಗೆ ಸಿಗುತ್ತಿದ್ದ 500 ರೂಪಾಯಿ, 2024ರ ನವೆಂಬರ್‌ನಿಂದ 1,000 ಆಗಿದೆ. ಆ ಹಣ ಚಿಕಿತ್ಸೆ ಮುಗಿಯುವ ಮೊದಲೇ ಕೈಸೇರಬೇಕು. ಕೆಲಸ ಹುಡುಕಿ ಬೇರೆ ಊರಿಗೆ ಹೋಗುವವರ ಚಿಕಿತ್ಸೆಯನ್ನು ಅಲ್ಲಿನ ಕೇಂದ್ರಕ್ಕೆ ವರ್ಗಾಯಿಸಬೇಕು.

ಕೆಲವು ದಿನ ಮಾತ್ರೆ ತಪ್ಪಿದ್ದರೆ ಮುಚ್ಚಿಡಬೇಡಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿ. ಹಾಗೆ ಬಂದವರನ್ನು ಅಲ್ಲಿರುವವರು ಗದರಿಸದೆ ಕೂರಿಸಿ ಮಾತಾಡಿಸಲಿ.