ಬೆಳಗಿನ ಗಂಜಿಯೂ ವಿದ್ಯಾರ್ಥಿಯೂ

ಒಂದು ಲೋಟ ಚಹಾ, ಎರಡು ಬಿಸ್ಕತ್ತು; ಇಷ್ಟನ್ನೇ ಬೆಳಗಿನ ಉಪಾಹಾರವೆಂದು ಭಾವಿಸಿ ತರಗತಿಗೆ ಓಡುವ ವಿದ್ಯಾರ್ಥಿಗಳು ನಮ್ಮಲ್ಲಿ ಕಡಮೆಯೇನಲ್ಲ. ಹೊತ್ತಿಲ್ಲ, ಅಡಿಗೆ ಬಾರದು ಎಂಬುವೇ ಅವರು ಮುಂದಿಡುವ ಕಾರಣಗಳು. ಈ ಕಾರಣಗಳನ್ನೇ ಬಂಡವಾಳ ಮಾಡಿಕೊಂಡು, ಬಿಸಿನೀರು ಸುರಿದೊಡನೆ ಸಿದ್ಧವಾಗುವ ಸಿಹಿ ಬೆರೆಸಿದ ಓಟ್ಸ್ ಪೊಟ್ಟಣಗಳು ಅಂಗಡಿಗಳಲ್ಲಿ ಸಾಲುಗಟ್ಟಿ ನಿಂತಿವೆ. ಗಂಜಿಯನ್ನು ತಾನೇ ಕಾಯಿಸಿಕೊಳ್ಳಬಲ್ಲ ವಿದ್ಯಾರ್ಥಿಗೆ ಇವುಗಳ ಹಂಗು ಬೇಕಿಲ್ಲವೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಬೇಕಾದುದು ಹತ್ತು ನಿಮಿಷದ ಬಿಡುವು ಮತ್ತು ತುಸು ವಿಜ್ಞಾನ.

ನಿಘಂಟುಗಳು ತೋಕೆಗೋಧಿ ಎಂದು ಕರೆಯುವ ಓಟ್ಸ್ ತಂಪು ಸೀಮೆಯ ಧಾನ್ಯ. ಸ್ಕಾಟ್ಲೆಂಡಿನ ಜನರಿಗೆ ಅದು ಶತಮಾನಗಳ ಕಾಲ ನಿತ್ಯದ ಆಹಾರವಾಗಿತ್ತು. ನಮ್ಮ ದೇಶದಲ್ಲಿ ಅದನ್ನು ಬಹುಮಟ್ಟಿಗೆ ಮೇವಿಗಾಗಿ ಬೆಳೆಯುತ್ತಾರೆ. ಅಕ್ಕಿ ಗೋಧಿಗಳಿಗಿಂತ ಇದರಲ್ಲಿ ಕೊಬ್ಬಿನ ಅಂಶ ಹೆಚ್ಚು. ಹಸಿಯಾಗಿಯೇ ಜಜ್ಜಿಟ್ಟರೆ ಕಾಳಿನೊಳಗಿನ ಕಿಣ್ವವು ಆ ಕೊಬ್ಬನ್ನು ಒಡೆದು ಕಹಿಯುಂಟುಮಾಡುತ್ತದೆ. ಆದುದರಿಂದ ಕಾಳನ್ನು ಮೊದಲು ಹಬೆಯಲ್ಲಿ ಬಿಸಿಮಾಡಿ, ಬಳಿಕ ಉರುಳೆಗಳ ನಡುವೆ ಅವಲಕ್ಕಿಯಂತೆ ಚಪ್ಪಟೆಗೊಳಿಸುತ್ತಾರೆ. ಹೀಗೆ ಮೊದಲೇ ಹದಗೊಂಡಿರುವುದರಿಂದ ನಮ್ಮ ಒಲೆಯ ಮೇಲೆ ಅದು ಬೇಗನೆ ಬೇಯುತ್ತದೆ.

ಕ್ರಮ ಸುಲಭವಾದುದು. ಅರ್ಧ ಬಟ್ಟಲು, ಎಂದರೆ ಸುಮಾರು 40 ಗ್ರಾಂ ಸಾದಾ ಓಟ್ಸಿಗೆ ಒಂದು ಬಟ್ಟಲು ನೀರು, ಚಿಟಿಕೆ ಉಪ್ಪು ಸೇರಿಸಿ ಸಣ್ಣ ಉರಿಯಲ್ಲಿ ಐದು ನಿಮಿಷ ಕೈಯಾಡಿಸುತ್ತಿರಬೇಕು. ಇಳಿಸಿದ ಮೇಲೆ ಹಾಲು, ಹೆಚ್ಚಿದ ಬಾಳೆಯ ಹಣ್ಣು, ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ ಸೇರಿಸಬಹುದು. ಸಿಹಿ ಒಲ್ಲದವರು ಆರಿಸಿ, ಮಜ್ಜಿಗೆ ಬೆರೆಸಿ, ಒಗ್ಗರಣೆ ಕೊಟ್ಟುಕೊಳ್ಳಲಿ.

ಗಂಜಿ ಲೋಳೆಯಾಗುವುದನ್ನು ಕಂಡು ಕೆಲವರು ಮೂಗು ಮುರಿಯುವುದುಂಟು. ಆದರೆ ಅದರ ಗುಣವೆಲ್ಲ ಬಹುಮಟ್ಟಿಗೆ ಆ ಲೋಳೆಯಲ್ಲಿಯೇ ಅಡಗಿದೆ. ಬೀಟಾ ಗ್ಲೂಕನ್ ಎಂಬ, ನೀರಿನಲ್ಲಿ ಕರಗುವ ನಾರು ಅದಕ್ಕೆ ಕಾರಣ. ಅದು ಕರುಳಿನಲ್ಲಿ ಆಹಾರವನ್ನು ಮಂದಗೊಳಿಸುವುದರಿಂದ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ. ಪಿತ್ತಾಮ್ಲಗಳನ್ನೂ ಅದು ಹಿಡಿದು ಹೊರಸಾಗಿಸುತ್ತದೆ. ಅವನ್ನು ಮತ್ತೆ ತಯಾರಿಸಲು ಯಕೃತ್ತು ರಕ್ತದ ಕೊಲೆಸ್ಟರಾಲನ್ನು ಬಳಸಿಕೊಳ್ಳುತ್ತದೆ. ದಿನಕ್ಕೆ 3 ಗ್ರಾಂ ಬೀಟಾ ಗ್ಲೂಕನ್, ಮಿತವಾದ ಕೊಬ್ಬಿನ ಆಹಾರದೊಡನೆ, ಹೃದ್ರೋಗದ ಸಂಭವವನ್ನು ತಗ್ಗಿಸಬಹುದೆಂದು ಪೊಟ್ಟಣಗಳ ಮೇಲೆ ಮುದ್ರಿಸಲು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1997ರಲ್ಲಿ ಅನುಮತಿಯಿತ್ತಿತು. ನಮ್ಮ ಒಂದು ಬಟ್ಟಲಿನಲ್ಲಿ ದೊರೆಯುವುದು ಇದರ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ಆದುದರಿಂದ ಓಟ್ಸನ್ನು ಸಂಜೀವಿನಿಯೆಂದು ಹೊಗಳುವವರ ಮಾತನ್ನೂ ನಾವು ಒಪ್ಪಲಾರೆವು.

ದಿಢೀರ್ ಪೊಟ್ಟಣದ ಓಟ್ಸನ್ನು ಇನ್ನೂ ತೆಳ್ಳಗೆ ಒತ್ತಿರುತ್ತಾರೆ. ಅದು ಬೇಗ ಬೇಯುವಂತೆಯೇ ಬೇಗ ಜೀರ್ಣವಾಗಿ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಜೊತೆಗೆ ಬೆರೆಸಿದ ಸಕ್ಕರೆಗೂ ಪರಿಮಳಕ್ಕೂ ನಾವು ಧಾನ್ಯದ ಬೆಲೆಗಿಂತ ಹೆಚ್ಚು ತೆರುತ್ತೇವೆ. ಐದು ನಿಮಿಷದ ಉಳಿತಾಯಕ್ಕೆ ಇದು ದುಬಾರಿಯ ವ್ಯಾಪಾರ.

ಓಟ್ಸ್ ಕೊಳ್ಳಲಾಗದವರು ಕೊರಗಬೇಕಾದುದಿಲ್ಲ. ನಮ್ಮ ರಾಗಿಯಲ್ಲಿ ಸಸಾರಜನಕ ಓಟ್ಸಿನ ಅರ್ಧದಷ್ಟೇ ಇದ್ದರೂ, 100 ಗ್ರಾಮಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಉಂಟು. ಓಟ್ಸಿನಲ್ಲಿ ಅದು ಸುಮಾರು 50 ಮಾತ್ರ. ಬೆಳೆಯುವ ಎಲುಬಿಗೆ ಇದು ಅಲ್ಪವಾದ ವ್ಯತ್ಯಾಸವಲ್ಲ. ರಾಗಿಯ ಹಿಟ್ಟನ್ನು ಮಾತ್ರ ಮೊದಲು ತಣ್ಣೀರಿನಲ್ಲಿ ಕದಡಿಕೊಳ್ಳಬೇಕು. ಕುದಿಯುವ ನೀರಿಗೆ ನೇರವಾಗಿ ಸುರಿದರೆ ಹೊರಗಿನ ಪಿಷ್ಟ ಉಬ್ಬಿ ಅಂಟಾಗಿ, ಒಳಗಿನ ಹಿಟ್ಟು ಒಣಗಿದಂತೆಯೇ ಉಳಿದು ಗಂಟು ಕಟ್ಟುತ್ತದೆ.

ಪಿಷ್ಟ, ನಾರು, ಕಿಣ್ವಗಳನ್ನು ಕುರಿತು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆಯುವ ವಿದ್ಯಾರ್ಥಿ ಒಂದು ಬಟ್ಟಲು ಗಂಜಿ ಕಾಯಿಸಲಾರನೆಂದರೆ ಆ ಓದು ಅರ್ಧದಲ್ಲಿಯೇ ನಿಂತಂತೆ. ಅಡಿಗೆ ಹೆಂಗಸರ ಕೆಲಸವೆಂಬ ಹಳೆಯ ಮಾತು ಇಲ್ಲಿ ಸಲ್ಲದು; ಹಸಿವು ಎಲ್ಲರಿಗೂ ಒಂದೇ. ಹುಡುಗರೂ ಹುಡುಗಿಯರೂ ನಾಳೆಯ ಬೆಳಿಗ್ಗೆ ಹತ್ತು ನಿಮಿಷ ಮುಂಚಿತವಾಗಿ ಏಳಲಿ. ಪಾತ್ರೆಯನ್ನು ಒಲೆಯ ಮೇಲಿಡಲಿ.