ಅಂಟು ಬಿಟ್ಟರೆ ತಪ್ಪು ಗೋಂದಿನದೇ?

ಅಂಟಿಸಿದ್ದು ಕಿತ್ತು ಬಂದರೆ ನಾವು ಮೊದಲು ಬೈಯುವುದು ಗೋಂದನ್ನು. ಆದರೆ ಬಹಳ ಸಲ ತಪ್ಪು ಮೇಲ್ಮೈಯದು. ಚಿಕ್ಕಬಳ್ಳಾಪುರವಿರಲಿ, ಮುದ್ದೇನಹಳ್ಳಿಯಿರಲಿ, ಪಂಕ್ಚರ್ ಹಾಕುವವರು ಟ್ಯೂಬನ್ನು ಉಜ್ಜದೆ ಸೊಲ್ಯೂಷನ್ ಹಚ್ಚುವುದಿಲ್ಲ.

ಕೆಸುವಿನ ಎಲೆಯ ಮೇಲೆ ನೀರು ಹರಡದೆ ಮುತ್ತಿನಂತೆ ನಿಲ್ಲುತ್ತದಲ್ಲವೇ? ಪಾಲಿಥೀನ್, ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್‌ಗಳ ಮೇಲೆ ಗೋಂದೂ ಸರಿಯಾಗಿ ಹರಡುವುದಿಲ್ಲ. ಹರಡದಿದ್ದರೆ ಹಿಡಿತವೂ ಸಿಗದು.

ಇದಕ್ಕೆ ಕಾರ್ಖಾನೆಗಳಲ್ಲಿ ಪ್ಲಾಸ್ಮಾ ಬಳಸುತ್ತಾರೆ. ಗಾಳಿಗೋ ಆಕ್ಸಿಜನ್‌ಗೋ ವಿದ್ಯುತ್ ಹಾಯಿಸಿದಾಗ ಎಲೆಕ್ಟ್ರಾನ್, ಅಯಾನುಗಳು ಹುಟ್ಟುತ್ತವೆ. ಈ ಪ್ಲಾಸ್ಮಾ ಕಣ್ಣಿಗೆ ಕಾಣದ ತೆಳು ಜಿಡ್ಡನ್ನು ಒಡೆದು ತೆಗೆಯುತ್ತದೆ, ಮೇಲ್ಪದರಕ್ಕೆ ಆಕ್ಸಿಜನ್ ಸೇರಿಸುತ್ತದೆ. ಆಗ ಗೋಂದು ಹರಡಿ ಹಿಡಿಯುತ್ತದೆ. ದಿನ ಕಳೆದಂತೆ ಈ ಗುಣ ಕುಗ್ಗುವುದರಿಂದ ಬೇಗ ಅಂಟಿಸಬೇಕು. ದಪ್ಪ ಕೊಳೆಯನ್ನಂತೂ ಮೊದಲೇ ತೊಳೆದಿರಬೇಕು.

ಇಷ್ಟೆಲ್ಲ ಏಕೆ? ಬೆಂಗಳೂರಿನಲ್ಲಿ ತಯಾರಾಗುವ ತೇಜಸ್ ವಿಮಾನದ ರೆಕ್ಕೆಯಂತೆ, ಇಂದು ಅನೇಕ ವಿಮಾನಭಾಗಗಳು ಕಾರ್ಬನ್ ನಾರಿನವು. ಇಂಥ ಭಾಗಗಳನ್ನು ಅಂಟಿಸಿದ ಮೇಲೆ ದುರ್ಬಲ ಹಿಡಿತ ಅಲ್ಟ್ರಾಸೌಂಡ್ ಪರೀಕ್ಷೆಗೂ ಸಿಗದೇ ಹೋಗಬಹುದು. ಹಾಗಾಗಿ ಮೊದಲಿನ ಸಿದ್ಧತೆಯೇ ಭದ್ರತೆ.

ಮನೆಯಲ್ಲೂ ಅಂಟಿಸುವ ಮುನ್ನ ಸೋಪಿನಿಂದ ತೊಳೆದು, ಒಣಗಿಸಿ, ಮರಳುಕಾಗದದಿಂದ ಉಜ್ಜಿ, ಪುಡಿ ಒರೆಸಿ. ಆಮೇಲೆ ಒಂದು ಹನಿ ನೀರು ಹಾಕಿ ನೋಡಿ. ಹರಡಿದರೆ ಒರೆಸಿ ಒಣಗಿಸಿ ಗೋಂದು ಹಚ್ಚಿ. ಮುತ್ತಿನಂತೆ ನಿಂತರೆ ಆ ಪ್ಲಾಸ್ಟಿಕ್‌ಗೆ ಸಾಮಾನ್ಯ ಗೋಂದು ಸಾಲದು.